ಫ್ರಿಸ್ಕೋ ತನಕ ಲೈಟ್ ರೈಲು ಯಾಕೆ ಬರ್ತಿಲ್ಲ, ಬರೋದಾದ್ರೆ ಹೇಗೆ ಬರಬೇಕು

ಪ್ರಶ್ನೆ: ನಾವು ಡಲ್ಲಾಸ್ ಹತ್ರ ಫ್ರಿಸ್ಕೋದಲ್ಲಿದ್ದೀವಿ. ನನ್ನ ಆಫೀಸು ಡಲ್ಲಾಸ್ ಡೌನ್‌ಟೌನಲ್ಲಿ, ದಿನಾ ಟೋಲ್‌ವೇ ಟ್ರಾಫಿಕ್ಕಲ್ಲಿ ಒದ್ದಾಡ್ತೀನಿ. ಶಿವಮೊಗ್ಗದಿಂದ ಅಪ್ಪ ಅಮ್ಮ ಬಂದ್ರೆ ಯಾರಾದ್ರೂ ಕಾರಲ್ಲಿ ಕರ್ಕೊಂಡು ಹೋದ್ರೆ ಉಂಟು, ಇಲ್ಲಾಂದ್ರೆ ಮನೇಲೇ ಕೂತಿರಬೇಕು. ಪಕ್ಕದ ಪ್ಲಾನೋಗೆ ಡಾರ್ಟ್ (ಡಲ್ಲಾಸ್ ಭಾಗದ ಸಾರಿಗೆ ಸಂಸ್ಥೆ) ನಡೆಸೋ ಲೈಟ್ ರೈಲು, ಅಂದ್ರೆ ಮೆಟ್ರೋಗಿಂತ ಹಗುರವಾದ ಕರೆಂಟ್ ರೈಲು, ಬಂದು ಇಪ್ಪತ್ತು ವರ್ಷದ ಮೇಲಾಯ್ತು, ನಮ್ಮೂರಿಗೆ ಯಾಕೆ ಬರ್ತಿಲ್ಲ? ಬೆಂಗಳೂರಲ್ಲಿ ವೈಟ್‌ಫೀಲ್ಡ್‌ಗೇ ಮೆಟ್ರೋ ಬಂತು, ಇಲ್ಲಿ ಇಷ್ಟು ದುಡ್ಡಿದ್ದೂ ಯಾಕಾಗ್ತಿಲ್ಲ? ಇಂಥ ಲೈನ್ ಪ್ಲಾನ್ ಮಾಡೋದು ಹೇಗೆ, ಊರಿನ ಜನ ನಾವು ಏನಾದ್ರೂ ಮಾಡಬಹುದಾ?

ಉತ್ತರ: ಮೊದಲು ದುಡ್ಡಿನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಟೆಕ್ಸಸ್‌ನಲ್ಲಿ ರೈಲು ಎಲ್ಲೀವರೆಗೆ ಹೋಗುತ್ತೆ ಅನ್ನೋದು ಮುಕ್ಕಾಲು ಪಾಲು ಸೇಲ್ಸ್ ಟ್ಯಾಕ್ಸಲ್ಲೇ ತೀರ್ಮಾನ ಆಗಿಬಿಟ್ಟಿರುತ್ತೆ. ನೀವು ಅಂಗಡೀಲಿ ಕಟ್ಟೋ ಶೇಕಡಾ 8.25 ಟ್ಯಾಕ್ಸಲ್ಲಿ 6.25 ರಾಜ್ಯಕ್ಕೆ ಹೋಗುತ್ತೆ, ಉಳಿದ 2 ಊರಿಗೆ, ಅದರ ಮೇಲೆ ಒಂದು ಪೈಸೆನೂ ಹಾಕೋ ಹಾಗಿಲ್ಲ ಅಂತ ಕಾನೂನು. ಡಾರ್ಟ್ ಸೇರಿರೋ ಊರುಗಳು ಆ ಎರಡರಲ್ಲಿ ಒಂದನ್ನ, ಅಂದ್ರೆ ಡಾಲರಿಗೆ ಒಂದು ಸೆಂಟು, ಡಾರ್ಟಿಗೆ ಕೊಡ್ತಾವೆ. ಪ್ಲಾನೋ ಕೊಡುತ್ತೆ, ರಿಚರ್ಡ್‌ಸನ್ ಕೊಡುತ್ತೆ, ಇರ್ವಿಂಗ್ ಕೊಡುತ್ತೆ. ಫ್ರಿಸ್ಕೋ ಆ ಎರಡನೇ ಸೆಂಟನ್ನ ಅರ್ಧ ಅರ್ಧ ಮಾಡಿ ಎರಡು ಡೆವಲಪ್‌ಮೆಂಟ್ ಕಾರ್ಪೊರೇಷನ್‌ಗಳಿಗೆ ಕೊಟ್ಟಿದೆ, ಒಂದು ಕಂಪನಿಗಳನ್ನ ಊರಿಗೆ ಕರೆಸೋಕೆ, ಇನ್ನೊಂದು ಪಾರ್ಕು, ಸ್ಟೇಡಿಯಂ ಥರದ್ದಕ್ಕೆ. ನಿಮ್ಮೂರಿಗೆ ಕೌಬಾಯ್ಸ್ ಅನ್ನೋ ಅಮೆರಿಕನ್ ಫುಟ್‌ಬಾಲ್ ಟೀಮಿನ ಹೆಡ್‌ಕ್ವಾರ್ಟರ್ಸ್ ಬಂದಿದ್ದು, ಅಷ್ಟೊಂದು ಆಟದ ಮೈದಾನ ಎದ್ದಿದ್ದರ ಹಿಂದೆ ಆ ದುಡ್ಡಿನ ಪಾಲು ದೊಡ್ಡದಿದೆ. ಅಂದ್ರೆ ಫ್ರಿಸ್ಕೋ ಡಾರ್ಟಿಗೆ ಸೇರಬೇಕಾದ್ರೆ ಹೊಸ ಟ್ಯಾಕ್ಸ್ ಹಾಕೋ ದಾರಿನೇ ಇಲ್ಲ, ಇರೋದನ್ನ ಆ ಕಡೆಯಿಂದ ಕಿತ್ತು ಈ ಕಡೆ ಕೊಡಬೇಕು, ಅದಕ್ಕೆ ಜನರ ಓಟು ಬೇಕು. ಯಾವ ಮೇಯರೂ ಇದನ್ನ ಸುಲಭಕ್ಕೆ ಮುಟ್ಟಲ್ಲ.

ಈ ಗಂಟು ಬಿದ್ದಿದ್ದು ಯಾವಾಗ ಅಂತ ನೋಡಿದ್ರೆ ಅರ್ಥ ಆಗುತ್ತೆ. ಡಾರ್ಟ್ ಹುಟ್ಟಿದ್ದು 1983ರ ಆಗಸ್ಟಲ್ಲಿ, ಊರೂರಲ್ಲಿ ಓಟು ಹಾಕಿಸಿ. ಆಗ ಫ್ರಿಸ್ಕೋದ ಜನಸಂಖ್ಯೆ, 1980ರ ಸೆನ್ಸಸ್ ಪ್ರಕಾರ, ಮೂರೂವರೆ ಸಾವಿರ. ಅಲ್ಲಿಗೆ ರೈಲು ಬೇಕು ಅಂತ ಯಾರಿಗೆ ತಾನೇ ಹೊಳೆದೀತು? 2020ರ ಹೊತ್ತಿಗೆ 2 ಲಕ್ಷ ದಾಟಿತು. ರೈಲು ಪ್ಲಾನ್ ಮಾಡೋರಿಗೆ ಇಂಥ ಊರುಗಳಲ್ಲಿರೋ ದೊಡ್ಡ ಕಷ್ಟ ಇದೇ, ಊರು ಬೆಳೆಯೋ ಸ್ಪೀಡಿಗೂ ರೈಲು ಕಟ್ಟೋ ಸ್ಪೀಡಿಗೂ ಹೊಂದಾಣಿಕೆನೇ ಇಲ್ಲ. 1988ರಲ್ಲಿ ದೊಡ್ಡ ಮಟ್ಟದ ಬಾಂಡ್ ಸಾಲ ತಗೊಳ್ಳೋಕೆ ಜನರ ಒಪ್ಪಿಗೆ ಕೇಳಿದ್ರು, ಜನ ಬೇಡ ಅಂದ್ರು, ಮಾರನೇ ವರ್ಷ ಕಾಪೆಲ್, ಫ್ಲವರ್ ಮೌಂಡ್ ಅನ್ನೋ ಎರಡೂ ಊರು ಡಾರ್ಟ್ ಬಿಟ್ಟು ಹೊರಗೆ ನಡೆದ್ವು. ಮೊದಲ ಲೈಟ್ ರೈಲು ಓಡಿದ್ದು 1996ರ ಜೂನಲ್ಲಿ, 11 ಮೈಲಿ. ಪ್ಲಾನೋದ ಪಾರ್ಕರ್ ರೋಡ್ ಸ್ಟೇಷನ್ ತನಕ ಬರೋಷ್ಟರಲ್ಲಿ 2002ರ ಡಿಸೆಂಬರ್ ಆಗಿತ್ತು, ಏರ್‌ಪೋರ್ಟ್ ಮುಟ್ಟಿದ್ದು 2014ರಲ್ಲಿ.

ಈಗ ಲೈಟ್ ರೈಲೇ 93 ಮೈಲಿ ಇದೆ, ನಮ್ಮ ಲೆಕ್ಕದಲ್ಲಿ 150 ಕಿ.ಮೀ. ಹತ್ರ, 65 ಸ್ಟೇಷನ್. ಅಮೆರಿಕದಲ್ಲಿ ತುಂಬ ಉದ್ದದ ಲೈಟ್ ರೈಲುಗಳಲ್ಲಿ ಒಂದು. ಆದ್ರೂ ಒಂದು ವರ್ಕಿಂಗ್ ಡೇ ಪೂರ್ತಿ ಸೇರಿಸಿದ್ರೂ ಪ್ರಯಾಣಿಕರು 1 ಲಕ್ಷ ಮುಟ್ಟೋದು ಕಷ್ಟ. ಬೆಂಗಳೂರಲ್ಲಿ 96 ಕಿ.ಮೀ. ಮೆಟ್ರೋದಲ್ಲಿ 2025ರ ಆಗಸ್ಟಲ್ಲಿ ಹಳದಿ ಲೈನ್ ಶುರುವಾದ ವಾರದಲ್ಲೇ ಒಂದು ದಿನ 10 ಲಕ್ಷ ದಾಟಿದೆ. ಅದನ್ನೂ ಇದನ್ನೂ ಹೋಲಿಸೋದು ನ್ಯಾಯ ಅಲ್ಲ ಬಿಡಿ, ಬೆಂಗಳೂರಲ್ಲಿ ಸ್ಟೇಷನ್ ಇಳಿದ್ರೆ ಸುತ್ತ ಜನವೋ ಜನ, ರೋಡಲ್ಲಿ ಕಾರು ತೆಗೆದ್ರೆ ಗಂಟೆಗಟ್ಟಲೆ ಜಾಮ್, ಆಟೋ ಇದೆ, ನಡೆಯೋರಿದ್ದಾರೆ. ನಿಜವಾಗ್ಲೂ ಹೋಲಿಸಬೇಕಾದ್ದು ಕೆನಡಾದ ಕ್ಯಾಲ್ಗರಿ ಜೊತೆ, ಈ ಒಂದು ಹೋಲಿಕೇಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ.

ಕ್ಯಾಲ್ಗರಿನೂ ಡಲ್ಲಾಸ್ ಥರದ್ದೇ ಊರು. ಎಣ್ಣೆ ಕಂಪನಿಗಳ ದುಡ್ಡು, ಎಲ್ಲಿ ನೋಡಿದ್ರೂ ಬಯಲು, ಒಂದೊಂದು ಮನೆಗೂ ಗ್ಯಾರೇಜು, ಹರಡ್ಕೊಂಡೇ ಹೋಗೋ ಸಬರ್ಬುಗಳು, ಮೇಲೆ ಮೈನಸ್ 30ರ ಚಳಿ. ಅಲ್ಲಿ ಸಿ-ಟ್ರೇನ್ ಅನ್ನೋ ಲೈಟ್ ರೈಲು ಶುರುವಾಗಿದ್ದು 1981ರಲ್ಲಿ, ಈಗ ಸುಮಾರು 60 ಕಿ.ಮೀ. ಇದೆ, ಡಲ್ಲಾಸಿನ ಅರ್ಧ ಕೂಡ ಇಲ್ಲ, ಆದ್ರೆ ಕೋವಿಡ್‌ಗೆ ಮುಂಚೆ ದಿನಕ್ಕೆ 3 ಲಕ್ಷದ ಹತ್ರ ಜನ ಹತ್ತಿ ಇಳೀತಿದ್ರು. ಅವರು ಮಾಡಿದ್ದು ಏನಂದ್ರೆ, ಡೌನ್‌ಟೌನ್ ಒಳಗೆ ಫ್ರೀವೇ ನುಗ್ಗೋಕೆ ಬಿಡಲಿಲ್ಲ. ಅಲ್ಲಿ ಹೊಸ ಆಫೀಸ್ ಕಟ್ಟೋರು ಬೇಕಾದಷ್ಟು ಪಾರ್ಕಿಂಗ್ ಅಲ್ಲೇ ಕಟ್ಕೊಳ್ಳೋ ಹಾಗಿರಲಿಲ್ಲ, ಅರ್ಧದಷ್ಟಕ್ಕೆ ಸಿಟಿಗೆ ದುಡ್ಡು ಕಟ್ಟಿಬಿಡಬೇಕಿತ್ತು, ಹಾಗಾಗಿ ಪಾರ್ಕಿಂಗ್ ಕಮ್ಮಿ, ರೇಟು ಜಾಸ್ತಿ. ಆಫೀಸುಗಳು ಡೌನ್‌ಟೌನಲ್ಲೇ ಒತ್ತಾಗಿ ಉಳಿದ್ವು. ಸಬರ್ಬಲ್ಲಿ ಓಡ್ತಿದ್ದ ಬಸ್ಸುಗಳನ್ನೆಲ್ಲ ತಿರುಗಿಸಿ ರೈಲ್ವೆ ಸ್ಟೇಷನ್ ಬಾಗಿಲಿಗೇ ತಂದು ನಿಲ್ಲಿಸಿದ್ರು. ರೈಲು ಪೀಕ್ ಟೈಮಲ್ಲಿ ಕೆಲವೇ ನಿಮಿಷಕ್ಕೊಂದು. ಸುರಂಗಕ್ಕೆಲ್ಲ ದುಡ್ಡು ಸುರಿಯದೆ ಸೆವೆಂತ್ ಅವೆನ್ಯೂ ರಸ್ತೆ ಮೇಲೇ ಹಳಿ ಹಾಕಿ, ಡೌನ್‌ಟೌನ್ ಒಳಗೆ ಟಿಕೆಟ್ಟೇ ಬೇಡ ಅಂದ್ರು.

ಡಲ್ಲಾಸಲ್ಲಿ ಆಗಿದ್ದು ಇದಕ್ಕೆ ಉಲ್ಟಾ. ರೈಲು ಡೌನ್‌ಟೌನಿಗೆ ಹೋಯ್ತು, ಕೆಲಸಗಳು ಡೌನ್‌ಟೌನ್ ಬಿಟ್ಟು ಬಂದ್ವು. ನೀವೇ ನೋಡಿ, ನಿಮ್ಮ ಅಕ್ಕಪಕ್ಕದ ಮನೆಯವರಲ್ಲಿ ಎಷ್ಟು ಜನ ಡೌನ್‌ಟೌನಿಗೆ ಹೋಗ್ತಾರೆ, ಎಷ್ಟು ಜನ ಪ್ಲಾನೋದ ಲೆಗಸಿ, ಇರ್ವಿಂಗಿನ ಲಾಸ್ ಕೊಲಿನಾಸ್ ಥರದ ಆಫೀಸ್ ಏರಿಯಾಗಳಿಗೆ ಹೋಗ್ತಾರೆ. 2017ರಲ್ಲಿ ಟೊಯೋಟಾ ತನ್ನ ಅಮೆರಿಕದ ಹೆಡ್ಡಾಫೀಸನ್ನ ಪ್ಲಾನೋಗೆ ತಂತು, ಎಲ್ಲಿಗೆ? ಪಶ್ಚಿಮದಲ್ಲಿ ಟೋಲ್‌ವೇ ಪಕ್ಕಕ್ಕೆ. ಪ್ಲಾನೋಗೆ ಬರೋ ಡಾರ್ಟಿನ ರೆಡ್ ಲೈನ್ ಇರೋದು ಪೂರ್ವದಲ್ಲಿ ಹೈವೇ 75 ಪಕ್ಕ. ಊರಿಗೆ ರೈಲೂ ಬಂತು, ಸಾವಿರಾರು ಕೆಲಸಗಳೂ ಬಂದ್ವು, ಎರಡೂ ಒಂದನ್ನೊಂದು ಭೇಟಿನೇ ಆಗಲಿಲ್ಲ. ಈ ವಿಷಯ ನೆನೆಸ್ಕೊಂಡ್ರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಆ ಜಾಗಗಳೆಲ್ಲ ಆಗ ಖಾಲಿ ಇದ್ವು, ಎಲ್ಲಿ ಏನು ಬರಬೇಕು ಅಂತ ಊರು ಹೇಳಬಹುದಿತ್ತು.

ರೈಲು ಪೂರ್ವಕ್ಕೆ ಯಾಕೆ ಹೋಯ್ತು ಅಂದ್ರೆ ಅಲ್ಲಿ ಹಳೇ ಗೂಡ್ಸ್ ಹಳಿ ಇತ್ತು. ಸಬರ್ಬಿಗೆ ಲೈಟ್ ರೈಲು ಒಯ್ಯೋ ಬಹಳಷ್ಟು ಊರುಗಳು ಮಾಡೋದು ಇದನ್ನೇ, ಉಪಯೋಗ ಕಮ್ಮಿಯಾದ ಗೂಡ್ಸ್ ಲೈನಿನ ಜಾಗ ಕೊಂಡು ಅದರಲ್ಲೇ ಹಾಕ್ತಾರೆ, ಮನೆ ಒಡೆಯೋದು ತಪ್ಪುತ್ತೆ, ಖರ್ಚು ಕಮ್ಮಿಯಾಗುತ್ತೆ. ಆದ್ರೆ ಗೂಡ್ಸ್ ಲೈನ್ ಪಕ್ಕ ಇರೋದೇನು? ಗೋಡೌನು, ಮರದ ಅಡ್ಡೆ, ಮನೆಗಳ ಹಿತ್ತಲು. ಜನ ಹೋಗಬೇಕಾದ ಜಾಗ ಒಂದು ಕಡೆ, ಸ್ಟೇಷನ್ ಇನ್ನೊಂದು ಕಡೆ. ಅಗ್ಗದ ಜಾಗ ತಗೊಂಡ್ರೆ ತಪ್ಪಿಲ್ಲ, ಆದ್ರೆ ತಗೊಂಡ ಮೇಲೆ ಸ್ಟೇಷನ್ ಸುತ್ತ ಊರನ್ನೇ ಹೊಸದಾಗಿ ಕಟ್ಟಬೇಕು, ಆ ಕೆಲಸ ರೈಲಿನೋರ ಕೈಲಿಲ್ಲ, ಸಿಟಿ ಕೌನ್ಸಿಲ್ ಕೈಲಿದೆ.

ಪ್ಲಾನೋದಲ್ಲೇ ಒಂದು ಸಲ ಎರಡು ಸ್ಟೇಷನ್ ಇಳಿದು ನೋಡಿ. ಪಾರ್ಕರ್ ರೋಡ್ ಕೊನೇ ಸ್ಟೇಷನ್, ಸುತ್ತ ಸುಮಾರು 2 ಸಾವಿರ ಕಾರು ನಿಲ್ಲೋ ಟಾರ್ ಬಯಲು, ಬಿಸಿಲಲ್ಲಿ ಅದನ್ನ ದಾಟಿ ರಸ್ತೆಗೆ ಬರೋ ಅಷ್ಟರಲ್ಲಿ ಸಾಕಾಗುತ್ತೆ. ಅದರ ಹಿಂದಿನ ಸ್ಟೇಷನ್ ಡೌನ್‌ಟೌನ್ ಪ್ಲಾನೋ, ಪ್ಲಾಟ್‌ಫಾರಂ ಪಕ್ಕಕ್ಕೇ ಮೂರು ನಾಲ್ಕು ಮಹಡಿ ಅಪಾರ್ಟ್‌ಮೆಂಟು, ಕೆಳಗೆ ಅಂಗಡಿ, ಎರಡು ಹೆಜ್ಜೆ ಹಾಕಿದ್ರೆ ಹಳೇ ಇಟ್ಟಿಗೆ ಬೀದಿ, ಹೋಟೆಲುಗಳು, ಮರ, ನೆರಳು. ಇಲ್ಲಿ ಪಾರ್ಕಿಂಗ್ ಬಯಲಿಲ್ಲ. ಪಾರ್ಕಿಂಗ್ ಬಯಲು ಕಟ್ಟಿದ್ರೆ ಅದು ತುಂಬಿದ ಮೇಲೆ ಮುಗೀತು, ಬೆಳಗ್ಗೆ ಒಂದು ಕಾರು ನಿಂತ್ರೆ ಸಂಜೆ ತನಕ ಆ ಜಾಗ ಒಬ್ಬರಿಗೇ ಮೀಸಲು. ಮನೆ, ಅಂಗಡಿ ಇದ್ರೆ ದಿನಪೂರ್ತಿ ಹತ್ತೋರು ಇಳಿಯೋರು ಇರ್ತಾರೆ. ಇನ್ನೊಂದು ವಿಷಯ, ಪಾರ್ಕರ್ ರೋಡಲ್ಲಿ ಕಾರು ನಿಲ್ಲಿಸ್ತಿದ್ದೋರಲ್ಲಿ ಡಾರ್ಟಿಗೆ ಟ್ಯಾಕ್ಸ್ ಕಟ್ಟದ ಊರಿನೋರು, ಅಂದ್ರೆ ಆಲನ್, ಮೆಕಿನ್ನಿ, ಫ್ರಿಸ್ಕೋ ಕಡೆಯೋರು ಬಹಳ ಇದ್ರು, ಅದು ಜಗಳಕ್ಕೆ ಬಂದು 2012ರಲ್ಲಿ ಹೊರಗಿನೋರಿಂದ ಪಾರ್ಕಿಂಗ್ ಫೀಸು ತಗೊಳ್ಳೋ ಪ್ರಯೋಗನೂ ನಡೀತು. ನಮ್ಮ ಟ್ಯಾಕ್ಸಲ್ಲಿ ಕಟ್ಟಿದ ರೈಲನ್ನ ಬೇರೆ ಊರಿನೋರು ಬಳಸ್ತಾರೆ ಅನ್ನೋ ಪ್ಲಾನೋ ಕಡೆಯೋರ ಮಾತು ಇನ್ನೂ ಆರಿಲ್ಲ.

ಆರದೇ ಇರೋಕೆ ಕಾರಣನೂ ಇದೆ. ಡಾರ್ಟೇ ಮಾಡಿಸಿದ 2023ರ ಲೆಕ್ಕದಲ್ಲಿ ಪ್ಲಾನೋ ವರ್ಷಕ್ಕೆ 11 ಕೋಟಿ ಡಾಲರಿನಷ್ಟು ಕೊಟ್ಟು, ಅದಕ್ಕೆ ಬದಲು 4.4 ಕೋಟಿ ಡಾಲರಿನಷ್ಟು ಸೇವೆ ಪಡೀತಿದೆ ಅಂತ ಬಂತು. 2025ರ ಕೊನೆಗೆ ಪ್ಲಾನೋ, ಇರ್ವಿಂಗ್ ಮತ್ತೆ ಇನ್ನೂ ಕೆಲವು ಊರಿನ ಕೌನ್ಸಿಲ್‌ಗಳು ಡಾರ್ಟ್ ಬಿಡಬೇಕಾ ಬೇಡವಾ ಅಂತ ಜನರ ಓಟಿಗೇ ಹಾಕೋಣ ಅಂತ ನಿರ್ಣಯ ಮಾಡಿದ್ವು. ನನ್ನ ಅಭಿಪ್ರಾಯ ಕೇಳಿದ್ರೆ, ಊರೂರಿನ ಖಾತೆ ಬೇರೆ ಬೇರೆ ಮಾಡಿ ಲೆಕ್ಕ ಹಾಕೋದು ರೈಲಿಗೆ ಸರಿಹೋಗಲ್ಲ, ಪ್ಲಾನೋದೋರು ಹತ್ತಿ ಡಲ್ಲಾಸಲ್ಲಿ ಇಳಿದ್ರೆ ಅದು ಯಾರ ಖರ್ಚು, ಡಲ್ಲಾಸಿಂದ ಬಂದು ಪ್ಲಾನೋ ಹೋಟೆಲಲ್ಲಿ ಕೆಲಸ ಮಾಡೋರದ್ದು ಯಾರ ಲಾಭ? ಆದ್ರೂ ಅವರ ಸಿಟ್ಟನ್ನ ಸುಮ್ನೆ ತಳ್ಳಿಹಾಕೋದೂ ತಪ್ಪು. ಪಶ್ಚಿಮ ಪ್ಲಾನೋದೋರು ನಲವತ್ತು ವರ್ಷ ಟ್ಯಾಕ್ಸ್ ಕಟ್ಟಿದ್ದಾರೆ, ಅವರ ಮನೆ ಹತ್ರ ರೈಲು ಬಂದಿಲ್ಲ. ಕೊಲರಾಡೋದ ಡೆನ್ವರ್ ಕಡೆನೂ ಇದೇ ಕಥೆ, 2004ರಲ್ಲಿ ಫಾಸ್‌ಟ್ರ್ಯಾಕ್ಸ್ ಅಂತ 122 ಮೈಲಿ ರೈಲಿನ ಪ್ಲಾನಿಗೆ ಜನ ಓಟು ಹಾಕಿ ಟ್ಯಾಕ್ಸ್ ಒಪ್ಕೊಂಡ್ರು, ಲಾಂಗ್‌ಮಾಂಟ್ ಊರಿನೋರು ಆವತ್ತಿಂದ ಕಟ್ತಾನೇ ಇದ್ದಾರೆ, ರೈಲು ಇನ್ನೂ ಬಂದಿಲ್ಲ.

ಪ್ಲಾನಿಂಗಲ್ಲಿ ಹೊರಗಿನೋರಿಗೆ ಕಾಣದೇ ಇರೋ ಒಂದು ವಿಷಯ ಹೇಳ್ಲೇಬೇಕು, ಸಬರ್ಬಿನ ರೈಲು ಎಷ್ಟು ನಿಮಿಷಕ್ಕೊಂದು ಬರುತ್ತೆ ಅನ್ನೋದು ತೀರ್ಮಾನ ಆಗೋದು ಊರ ಮಧ್ಯದಲ್ಲಿ. ಡಲ್ಲಾಸ್ ಡೌನ್‌ಟೌನಲ್ಲಿ ರೆಡ್, ಬ್ಲೂ, ಗ್ರೀನ್, ಆರೆಂಜ್ ನಾಲ್ಕೂ ಲೈನು ಒಂದೇ ಜೋಡಿ ಹಳಿ ಮೇಲೆ, ಅದೂ ರಸ್ತೆ ಮೇಲೆ, ಸಿಗ್ನಲ್ ದಾಟ್ಕೊಂಡು ಹೋಗ್ತಾವೆ. ಒಂದೊಂದು ಲೈನು 15 ನಿಮಿಷಕ್ಕೊಂದು ರೈಲು ಬಿಟ್ರೆ ಗಂಟೆಗೆ ನಾಲ್ಕು, ನಾಲ್ಕು ಲೈನಿಗೆ ಹದಿನಾರು, ಅಂದ್ರೆ ಒಂದು ದಿಕ್ಕಲ್ಲಿ ನಾಲ್ಕು ನಿಮಿಷ ಕೂಡ ಸಿಗಲ್ಲ ಒಂದು ರೈಲಿಂದ ಇನ್ನೊಂದಕ್ಕೆ. ಅಡ್ಡಬೀದಿಯ ಕಾರುಗಳಿಗೂ ಗ್ರೀನ್ ಕೊಡಬೇಕು, ವೀಲ್‌ಚೇರ್ ಹತ್ತಿಸೋಕೆ ಒಂದು ರೈಲು ಅರ್ಧ ನಿಮಿಷ ತಡ ಆದ್ರೆ ಹಿಂದಿನದ್ದೆಲ್ಲ ಸಾಲಾಗಿ ನಿಲ್ತಾವೆ. ಹಾಗಾಗಿ ಕೊನೇ ಸ್ಟೇಷನಲ್ಲಿ ನಿಂತಿರೋರಿಗೆ 10 ನಿಮಿಷಕ್ಕೊಂದು ರೈಲು ಕೊಡ್ತೀವಿ ಅಂದ್ರೂ ಕೊಡೋಕಾಗಲ್ಲ. ಇದಕ್ಕೇ ಡೌನ್‌ಟೌನ್ ಕೆಳಗೆ ಎರಡನೇ ದಾರಿ, ಡಿ2 ಅಂತ ಸುರಂಗದ ಪ್ಲಾನಿತ್ತು, ವರ್ಷಾನುಗಟ್ಟಲೆ ಚರ್ಚೆ ನಡೆದು 2023ರಲ್ಲಿ ಕೈಬಿಟ್ರು. ಹೊರಗಿನ ಊರುಗಳಿಗೆ ಲೈನ್ ಎಳೆಯೋದ್ರಲ್ಲಿ ಓಟಿದೆ, ರಿಬ್ಬನ್ ಕತ್ತರಿಸೋ ಫೋಟೋ ಇದೆ, ಒಳಗಿನ ಇಕ್ಕಟ್ಟು ಬಿಡಿಸೋದಕ್ಕೆ ಅದೇನೂ ಇಲ್ಲ. ನನ್ನ ಪ್ರಕಾರ ಡಲ್ಲಾಸಲ್ಲಿ ಆದ ದೊಡ್ಡ ತಪ್ಪು ಇದು, ಇನ್ನೊಂದು ಇಪ್ಪತ್ತು ಮೈಲಿ ಉದ್ದ ಮಾಡೋಕಿಂತ ಮುಂಚೆ ಇದನ್ನ ಮಾಡಬೇಕಿತ್ತು.

ಸರಿ, ಫ್ರಿಸ್ಕೋಗೆ ಏನು ಬರಬೇಕು? ಲೈಟ್ ರೈಲು ಬೇಡ ಅಂತಲೇ ನಾನು ಹೇಳೋದು, ಬೇಜಾರಾಗಬೇಡಿ. ಲೈಟ್ ರೈಲು ಮೈಲಿಗೊಂದು ಎರಡು ಮೈಲಿಗೊಂದು ನಿಲ್ಲುತ್ತೆ, ಪಾರ್ಕರ್ ರೋಡಿಂದ ಡೌನ್‌ಟೌನಿಗೇ ಮುಕ್ಕಾಲು ಗಂಟೆ ಹತ್ರ ಆಗುತ್ತೆ, ಇನ್ನೂ ಹತ್ತು ಮೈಲಿ ಮೇಲಿಂದ ಶುರು ಮಾಡಿದ್ರೆ ಒಂದು ಗಂಟೆ ದಾಟುತ್ತೆ, ಟೋಲ್‌ವೇ ಜಾಮಲ್ಲೂ ಕಾರೇ ಬೇಗ ಹೋಗುತ್ತೆ. ಅಷ್ಟು ದೂರಕ್ಕೆ ಸರಿಯಾದ್ದು ರೀಜನಲ್ ರೈಲು, ಸ್ಟೇಷನ್ ಕಮ್ಮಿ, ಸ್ಪೀಡು ಜಾಸ್ತಿ. 2025ರ ಅಕ್ಟೋಬರಲ್ಲಿ ಶುರುವಾದ ಸಿಲ್ವರ್ ಲೈನ್ ಅಂಥದ್ದು, ಪ್ಲಾನೋದ ಶೈಲೋ ರೋಡಿಂದ ಡಿಎಫ್‌ಡಬ್ಲ್ಯೂ ಏರ್‌ಪೋರ್ಟಿಗೆ 26 ಮೈಲಿ, ಡೌನ್‌ಟೌನಿಗೆ ಹೋಗೋದೇ ಇಲ್ಲ, ಒಂದು ಸಬರ್ಬಿಂದ ಇನ್ನೊಂದಕ್ಕೆ ಅಡ್ಡಡ್ಡ ಹೋಗುತ್ತೆ. ಜನ ಈಗ ಓಡಾಡೋದೂ ಹಾಗೇ ಅಲ್ವಾ. ಆದ್ರೆ ಅದರ ಜಾಗ, ಕಾಟನ್ ಬೆಲ್ಟ್ ಅನ್ನೋ ಹಳೇ ರೈಲು ದಾರಿ, ಡಾರ್ಟ್ ಕೊಂಡಿದ್ದು 1990ರಲ್ಲಿ. ಜಾಗ ಕೈಗೆ ಬಂದ ಮೇಲೂ 35 ವರ್ಷ.

ನಿಮ್ಮೂರಿಗೂ ಹಳಿ ಇದೆ. ಊರಿನ ಹೆಸರೇ ಫ್ರಿಸ್ಕೋ ಅನ್ನೋ ರೈಲ್ವೆ ಕಂಪನಿಯಿಂದ ಬಂದಿದ್ದು, ಆ ಹಳಿ ಈಗ ಬಿಎನ್‌ಎಸ್‌ಎಫ್ ಗೂಡ್ಸ್ ಕಂಪನೀದು, ಹಳೇ ಡೌನ್‌ಟೌನ್ ಹತ್ರನೇ ಹಾದು ಹೋಗುತ್ತೆ, ಆ ಏರಿಯಾನ ರೈಲ್ ಡಿಸ್ಟ್ರಿಕ್ಟ್ ಅಂತಲೇ ಕರೀತಾರೆ. ದಕ್ಷಿಣಕ್ಕೆ ಹೋದ್ರೆ ಅದು ಕ್ಯಾರಲ್ಟನ್ ಡೌನ್‌ಟೌನಲ್ಲಿ ಗ್ರೀನ್ ಲೈನನ್ನೂ ಸಿಲ್ವರ್ ಲೈನನ್ನೂ ಸೇರುತ್ತೆ, ಅಲ್ಲಿಂದ ಇರ್ವಿಂಗ್ ಕಡೆ ಹೋಗುತ್ತೆ. ಈ ಭಾಗದ ಊರುಗಳೆಲ್ಲ ಸೇರಿರೋ ಪ್ಲಾನಿಂಗ್ ಸಂಸ್ಥೆಯ ದೂರದ ಪ್ಲಾನಲ್ಲಿ ಫ್ರಿಸ್ಕೋ-ಇರ್ವಿಂಗ್ ರೈಲು ದಾರಿ ಇದೆ, ಅದರ ಬಗ್ಗೆ ಸ್ಟಡಿನೂ ಆಗಿದೆ. ನನ್ನನ್ನ ಕೇಳಿದ್ರೆ ನಿಮ್ಮ ಊರಿನ ದಾರಿ ಅದೇ. ತೊಡಕು ಏನಂದ್ರೆ ಗೂಡ್ಸ್ ಕಂಪನಿ ಒಪ್ಪಬೇಕು. ಲೈಟ್ ರೈಲು ಗಾಡಿ ಹಗುರ, ಗೂಡ್ಸ್ ಗಾಡಿ ಓಡೋ ಹೊತ್ತಲ್ಲೇ ಅದೇ ಹಳೀಲಿ ಓಡೋಕೆ ಅಮೆರಿಕದ ರೂಲ್ಸ್ ಬಿಡಲ್ಲ, ಹಾಗಾಗಿ ಒಂದೋ ಬೇರೆ ಹಳಿ ಹಾಕಬೇಕು, ಇಲ್ಲಾ ಆ ರೂಲ್ಸಿಗೆ ಒಗ್ಗೋ ಗಾಡಿ ತರಬೇಕು. ಡೆಂಟನ್ ಕಡೆ ಓಡೋ ಎ-ಟ್ರೇನಿನ ಗಾಡಿಗಳಿಗೆ ಇದೇ ಕಾರಣಕ್ಕೆ ವಿಶೇಷ ಅನುಮತಿ ತಗೋಬೇಕಾಯ್ತು.

ರೈಲಿಗೆ ಮುಂಚೆ ಬಸ್ಸು. ನಿಮ್ಮೂರಲ್ಲಿ ಈಗ ರೆಗ್ಯುಲರ್ ರೂಟ್ ಬಸ್ಸೇ ಇಲ್ಲ. ಫ್ರಿಸ್ಕೋ ಮೇನ್ ಸ್ಟ್ರೀಟಿಂದ ಲೆಗಸಿ ಮುಟ್ಟಿ ಪಾರ್ಕರ್ ರೋಡಿಗೆ 15 ನಿಮಿಷಕ್ಕೊಂದು ಬಸ್ಸು, ಬೆಳಗ್ಗೆಯಿಂದ ರಾತ್ರಿ ತನಕ, ಶನಿವಾರ ಭಾನುವಾರ ಸೇರಿ, ಒಂದೆರಡು ವರ್ಷ ಓಡಿಸಿದ್ರೆ ಜನ ಎಲ್ಲಿ ಹತ್ತುತ್ತಾರೆ ಎಲ್ಲಿ ಇಳೀತಾರೆ ಅನ್ನೋದು ಗೊತ್ತಾಗುತ್ತೆ, ಮುಂದೆ ಫೆಡರಲ್ ದುಡ್ಡು ಕೇಳೋಕೆ ಹೋದಾಗ ನಮ್ಮಲ್ಲಿ ಪ್ರಯಾಣಿಕರಿದ್ದಾರೆ ಅಂತ ತೋರಿಸೋಕೆ ಕೈಲಿ ಏನಾದ್ರೂ ಇರುತ್ತೆ. ಇಂಥದ್ದಕ್ಕೆ ಡಾರ್ಟಿಗೆ ಪೂರ್ತಿ ಸೇರಲೇಬೇಕು ಅಂತಿಲ್ಲ, ಒಪ್ಪಂದದ ಮೇಲೆ ದುಡ್ಡು ಕೊಟ್ಟು ಬಸ್ಸು ಓಡಿಸ್ಕೋಬಹುದು.

ಅಪ್ಪ ಅಮ್ಮಂಗೆ ಸದ್ಯಕ್ಕೊಂದು ದಾರಿ. ನೀವು ಆಫೀಸಿಗೆ ಹೋಗ್ತಾ ಪಾರ್ಕರ್ ರೋಡಲ್ಲಿ ಬಿಟ್ರೆ ರೆಡ್ ಲೈನಲ್ಲಿ ಒಂದೇ ರೈಲಿಗೆ ಡೌನ್‌ಟೌನ್ ಪ್ಲಾನೋ, ಡಲ್ಲಾಸ್ ಡೌನ್‌ಟೌನ್, ಇನ್ನೂ ಮುಂದೆ ಝೂ ತನಕ ಹೋಗಬಹುದು, ಝೂ ಗೇಟು ಸ್ಟೇಷನ್ ಪಕ್ಕದಲ್ಲೇ ಇದೆ. 65 ದಾಟಿದೋರಿಗೆ ಟಿಕೆಟ್ ಕಮ್ಮಿ. ಪ್ಲಾನೋ ಒಳಗಡೆ ಓಡಾಡೋಕೆ ಡಾರ್ಟಿನ ಗೋಲಿಂಕ್ ಅಂತ ಫೋನಲ್ಲಿ ಕರೆಸೋ ವ್ಯಾನ್ ಇದೆ, ಮೊದಲ ಸಲ ನೀವೇ ಜೊತೇಲಿ ಹೋಗಿ ತೋರಿಸಿಕೊಡಿ.

ಇನ್ನು ನೀವು ಏನು ಮಾಡಬಹುದು ಅಂದ್ರಲ್ಲ. ನಮಗೂ ರೈಲು ಬೇಕು ಅಂತ ಸಹಿ ಮಾಡಿಸಿ ಕೊಟ್ರೆ ಕೌನ್ಸಿಲ್‌ನೋರು ಥ್ಯಾಂಕ್ಸ್ ಹೇಳಿ ಫೈಲಿಗೆ ಹಾಕ್ತಾರೆ. ಅದರ ಬದಲು ಫ್ರಿಸ್ಕೋ ಪ್ಲಾನಿಂಗ್ ಅಂಡ್ ಝೋನಿಂಗ್ ಕಮಿಷನ್ ಮೀಟಿಂಗಿಗೆ ಹೋಗಿ, ಯಾರು ಬೇಕಾದ್ರೂ ಎದ್ದು ನಿಂತು ಮಾತಾಡಬಹುದು, ನಿಮ್ಮ ಥರ ನಾಲ್ಕೈದು ಮನೆಯೋರು ಸೇರಿ ಹೋದ್ರೆ ಇನ್ನೂ ಒಳ್ಳೇದು. ಬಿಎನ್‌ಎಸ್‌ಎಫ್ ಹಳಿ ಪಕ್ಕದ ಯಾವುದಾದ್ರೂ ಜಾಗಕ್ಕೆ ಝೋನಿಂಗ್, ಅಂದ್ರೆ ಅಲ್ಲಿ ಏನು ಕಟ್ಟಬಹುದು ಅನ್ನೋ ನಿಯಮ, ಬದಲಾಯಿಸೋ ಅರ್ಜಿ ಬಂದಾಗ ಮೂರು ವಿಷಯ ಕೇಳಿ: ಮುಂದೆ ಇಲ್ಲಿ ಸ್ಟೇಷನ್ ಬಂದ್ರೆ ಪ್ಲಾಟ್‌ಫಾರಂಗೂ ಎರಡನೇ ಹಳಿಗೂ ಜಾಗ ಬಿಟ್ಟಿದ್ದೀರಾ, ಅರ್ಧ ಮೈಲಿ ಒಳಗೆ ಅಪಾರ್ಟ್‌ಮೆಂಟೂ ಆಫೀಸೂ ಕಟ್ಟೋಕೆ ಅನುಮತಿ ಇದೆಯಾ ಇಲ್ಲಾ ಗೋಡೌನಿಗೇ ಕೊಟ್ಟುಬಿಡ್ತಿದ್ದೀರಾ, ಅಕ್ಕಪಕ್ಕದ ಬಡಾವಣೆಯೋರು ಕಾಂಪೌಂಡ್ ಸುತ್ತಾಕ್ಕೊಂಡು ಬರದೆ ನೇರ ನಡ್ಕೊಂಡು ಬರೋಕೆ ದಾರಿ ಇದೆಯಾ. ಮೂರನೇದನ್ನ ಬಿಡಲೇಬೇಡಿ. ಫ್ರಿಸ್ಕೋ ಬಡಾವಣೆಗಳಲ್ಲಿ ಹಿಂದಿನ ಗೋಡೆಗೆ ಒಂದು ಗೇಟಿಲ್ಲದೆ ಇದ್ದಿದ್ದಕ್ಕೆ ಐದು ನಿಮಿಷದ ನಡಿಗೆ ಇಪ್ಪತ್ತೈದು ನಿಮಿಷ ಆಗೋದನ್ನ ನೀವೇ ನೋಡಿರ್ತೀರ. ಮನೆ ಕಟ್ಟಿ ಮಾರಿದ ಮೇಲೆ ಆ ಗೋಡೆ ಒಡೆಸೋಕೆ ಯಾರ ಕೈಲೂ ಆಗಲ್ಲ, ಡ್ರಾಯಿಂಗ್ ಹಂತದಲ್ಲಾದ್ರೆ ಬಿಲ್ಡರ್‌ಗೆ ಒಂದು ಗೇಟಿನ ಖರ್ಚು ಅಷ್ಟೇ.